ಅವನ ಕೈಯಲ್ಲೇ ಮತ್ತೆ ಮಾಡಿಸಿದ್ರಾ?

ಸಿಳ್ಳೆ ಹೊಡೆಯುವುದರಲ್ಲಿ ನಾನು ಎತ್ತಿದ ಕೈ. ಎರಡು ಬೆರಳು ಬಾಯಿಗಿಟ್ಟೆನೆಂದರೆ ಗಾಂಧಿ ಕ್ಲಾಸಿನಿಂದ ಹೊರಟ ಸದ್ದು ಬಾಲ್ಕನಿಯ ಕೊನೇ ಸಾಲಿಗೆ ಮುಟ್ಟಬೇಕು. ಅಣ್ಣಾವ್ರು ತೆರೆಯ ಮೇಲೆ ಬಂದರೆ ಒಂದು, ಫೈಟಿಂಗಿಗೆ ಎರಡು, ಖಳನಾಯಕ ನೆಲ ಕಚ್ಚಿದರೆ ಮೂರು. ಹೀಗೆ ಲೆಕ್ಕ ಇಟ್ಟು ಹೊಡೆಯುತ್ತಿದ್ದ ವಯಸ್ಸು. ಅಂಥ ನನ್ನ ಬಾಯಲ್ಲಿ ಒಂದೇ ಒಂದು ಸಲ ಸಿಳ್ಳೆ ಅರ್ಧಕ್ಕೇ ನಿಂತುಹೋಯಿತು. ಯಾರೂ ಗದರಿಸಿ ನಿಲ್ಲಿಸಲಿಲ್ಲ. ಪಕ್ಕದ ಸೀಟಿನಲ್ಲಿದ್ದ ನನ್ನ ಸೋದರಮಾವ ಒಂದು ಪ್ರಶ್ನೆ ಕೇಳಿದರು, ಅಷ್ಟೇ.

1973ನೇ ಇಸವಿ. ಮಾವ ಮಿಲಿಟರಿಯಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆ ಕಡೆ ಓಡಾಡಿದವರಿಗೆ ಎಂ.ಇ.ಜಿ. ಗೊತ್ತೇ ಇರುತ್ತೆ. ಮದ್ರಾಸ್ ಸ್ಯಾಪರ್ಸ್ ಅಂತಲೂ ಹೇಳುತ್ತಾರೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆಯೋದು ಅವರ ಕೆಲಸ. 1971ರ ಡಿಸೆಂಬರ್ ಯುದ್ಧದಲ್ಲಿ ಮಾವ ಪಶ್ಚಿಮ ಗಡಿಯಲ್ಲಿದ್ದರು. ಅಲ್ಲಿ ಏನು ಮಾಡಿದರು ಅಂತ ಕೇಳಿದರೆ "ಮಣ್ಣು ಕೆದರ್ತಿದ್ದೆ ಕಣೋ" ಅನ್ನುತ್ತಿದ್ದರು. ಮುಂದಕ್ಕೆ ಒಂದು ಮಾತಿಲ್ಲ. ನಮಗೋ ಶತ್ರುಗಳನ್ನು ಪಟಪಟ ಉದುರಿಸಿದ ಕತೆ ಬೇಕು. ಮಾವ ಊಟ ಹೇಗಿತ್ತು, ಚಳಿ ಹೇಗಿತ್ತು ಅಂತ ಹೇಳಿ ಎದ್ದುಹೋಗುತ್ತಿದ್ದರು.

ರಜಕ್ಕೆ ಬಂದಾಗ ಅವರದೊಂದು ಅಭ್ಯಾಸ. ನಡುಮನೆಯಲ್ಲಿ ಮಲಗುತ್ತಿದ್ದರು, ಆದರೆ ಲೈಟು ಆರಿಸುವಂತಿಲ್ಲ. ರಾತ್ರಿಯೆಲ್ಲ ನಲವತ್ತು ಕ್ಯಾಂಡಲ್ ಬಲ್ಬು ಉರಿಯುತ್ತಲೇ ಇರಬೇಕು. ಕರೆಂಟ್ ಬಿಲ್ಲು ಬಂದ ದಿನ ಅಪ್ಪ ಗೊಣಗುತ್ತಿದ್ದರು. ಅಮ್ಮ ತಮ್ಮನ ಪರ ವಹಿಸಿ "ಇರೋದು ಇಪ್ಪತ್ತು ದಿನ, ಉರೀಲಿ ಬಿಡಿ" ಅನ್ನುತ್ತಿದ್ದಳು. ನಾನು ಮುಸುಕು ಎಳೆದುಕೊಂಡು ಮಲಗುತ್ತಿದ್ದೆ.

ಆಗ ದಂಡು ಪ್ರದೇಶದ ಟಾಕೀಸುಗಳಲ್ಲಿ ಹಳೇ ಇಂಗ್ಲಿಷ್ ಪಿಕ್ಚರುಗಳನ್ನು ಮಾರ್ನಿಂಗ್ ಷೋ ಹಾಕುತ್ತಿದ್ದರು. ಟಿಕೆಟ್ ಅಗ್ಗ. ಮಾತು ನಮಗೆ ನಾಲ್ಕಾಣೆ ಅರ್ಥವಾದರೆ ಹೆಚ್ಚು, ಆದರೆ ಗುಂಡಿನ ಸದ್ದಿಗೆ ಭಾಷೆ ಯಾಕ್ರೀ ಬೇಕು? ಒಂದು ಭಾನುವಾರ ಹಾಕಿದ್ದದ್ದು 'ಟು ಹೆಲ್ ಅಂಡ್ ಬ್ಯಾಕ್', ಅಂದರೆ ನರಕಕ್ಕೆ ಹೋಗಿ ವಾಪಸ್ ಬಂದ ಕತೆ. ಯುದ್ಧದ ಚಿತ್ರ. ಮನೆಯಲ್ಲೇ ಒಬ್ಬ ಯೋಧ ಇರುವಾಗ ಬಿಟ್ಟು ಹೋಗೋದುಂಟೇ? "ಬನ್ನಿ ಮಾವ, ನಿಮ್ಮ ಪಿಕ್ಚರೇ ಬಂದಿದೆ" ಅಂತ ಎಳೆದುಕೊಂಡು ಹೋದೆ.

ಶುರುವಿನಲ್ಲಿ ನನಗೆ ನಿರಾಸೆಯೇ ಆಯಿತು. ಹೀರೋ ಅಂದರೆ ಎದೆ ಇರಬೇಕು, ಎತ್ತರ ಇರಬೇಕು. ಇವನು ನೋಡಿದರೆ ಹಾಲುಗಲ್ಲದ ಹುಡುಗ. ಪಕ್ಕದಲ್ಲಿ ನಿಂತವರೆಲ್ಲ ಇವನಿಗಿಂತ ಎತ್ತರ. ಹೆಸರು ಆಡಿ ಮರ್ಫಿ. ಇಂಟರ್‌ವಲ್ಲಿನಲ್ಲಿ ಸೋಡಾ ಕುಡಿಯುವಾಗ ಇಂಗ್ಲಿಷ್ ಬಲ್ಲ ಕಾಲೇಜು ಹುಡುಗನೊಬ್ಬ ಗುಟ್ಟು ಒಡೆದ. ಇದು ಕಟ್ಟುಕತೆಯಲ್ಲ, ಎರಡನೇ ಮಹಾಯುದ್ಧದಲ್ಲಿ ನಡೆದದ್ದು. ಅದನ್ನೆಲ್ಲ ಮಾಡಿದ ಸಿಪಾಯಿಯೇ ಈ ಹೀರೋ. ತನ್ನ ಪಾತ್ರಕ್ಕೆ ತಾನೇ ಬಣ್ಣ ಹಚ್ಚಿದ್ದಾನೆ!

ನನಗೆ ರೋಮಾಂಚನ. ಈ ವಿಷಯವನ್ನು ಮಾವನಿಗೆ ಸರಿಯಾದ ಹೊತ್ತಿಗೆ ಹೇಳಬೇಕು ಅಂತ ಬಾಯಿ ಬಿಗಿಹಿಡಿದು ಕೂತೆ. ಕ್ಲೈಮ್ಯಾಕ್ಸ್ ಬಂತು. ಹುಡುಗ ಬೆಂಕಿ ಹತ್ತಿಕೊಂಡ ಟ್ಯಾಂಕಿನ ಮೇಲೆ ಹತ್ತಿದ. ಮೆಷಿನ್‌ಗನ್ ತಿರುಗಿಸಿ ಒಬ್ಬನೇ ಗುಂಡಿನ ಮಳೆ ಸುರಿಸತೊಡಗಿದ. ಟಾಕೀಸಿಗೆ ಟಾಕೀಸೇ ಎದ್ದು ನಿಂತಿತು. ನಾನು ಬೆರಳು ಬಾಯಿಗಿಟ್ಟು ಸಿಳ್ಳೆ ಶುರು ಮಾಡುತ್ತಲೇ ಮಾವನ ಕಿವಿಗೆ ಬಗ್ಗಿ, "ಮಾವ, ನಿಜವಾದ ಆಸಾಮಿ ಇವನೇ! ಯುದ್ಧದಲ್ಲಿ ಹಿಂಗೇ ಮಾಡಿ ದೊಡ್ಡ ಪದಕ ತಗೊಂಡನಂತೆ!" ಅಂದು ಮತ್ತೆ ಊದಿದೆ.

ಮಾವ ತೆರೆ ನೋಡುತ್ತಿರಲಿಲ್ಲ. ಮುಂದಿನ ಸೀಟಿನ ಹಲಗೆ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಕೇಳಿದರು:

"ಅವನ ಕೈಯಲ್ಲೇ ಮತ್ತೆ ಮಾಡಿಸಿದ್ರಾ?"

ಸಿಳ್ಳೆ ಅಲ್ಲೇ ನಿಂತಿತು.

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ನಾನು ಎಷ್ಟೋ ವರ್ಷ ಲೈಬ್ರರಿಗಳಲ್ಲಿ ಈ ಆಡಿ ಮರ್ಫಿಯ ಬೆನ್ನು ಹತ್ತಿದೆ. ಓದಿದ್ದನ್ನು ನಿಮಗೆ ಹೇಳದೆ ಇರೋಕಾಗಲ್ಲ. ಯಾವ ಚಿತ್ರಕಥೆಗಾರ ಬರೆದುಕೊಟ್ಟರೂ "ಇದು ಜಾಸ್ತಿ ಆಯ್ತು ಸ್ವಾಮಿ" ಅಂತ ನಿರ್ಮಾಪಕರು ವಾಪಸ್ ಕೊಡುವಂಥ ಬದುಕು ಅದು.

ಹುಟ್ಟಿದ್ದು 1925ರ ಜೂನ್ 20, ಅಮೆರಿಕದ ಟೆಕ್ಸಾಸಿನಲ್ಲಿ. ಬೇರೆಯವರ ಹೊಲವನ್ನು ಪಾಲಿಗೆ ಮಾಡಿ ಹತ್ತಿ ಬೆಳೆಯುವ ಬಡವರ ಮನೆ, ಹನ್ನೆರಡು ಮಕ್ಕಳು. ಅಪ್ಪ ಮನೆ ಬಿಟ್ಟು ಹೋದ. ಹುಡುಗ ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹತ್ತಿ ಬಿಡಿಸೋಕೆ ಹೋದ. ಕೋವಿ ಹಿಡಿದದ್ದು ಶೋಕಿಗಲ್ಲ, ಮೊಲ ಅಳಿಲು ಹೊಡೆದು ತಂದರೆ ಆ ರಾತ್ರಿ ಮನೆಯಲ್ಲಿ ಸಾರು. 1941ರಲ್ಲಿ ತಾಯಿಯೂ ತೀರಿಕೊಂಡಳು. ಮಿಲಿಟರಿ ಸೇರೋಣವೆಂದರೆ ವಯಸ್ಸು ಸಾಲದು. ಅಕ್ಕ ಒಂದು ವರ್ಷ ಜಾಸ್ತಿ ಬರೆಸಿ ಕಾಗದ ಮಾಡಿಕೊಟ್ಟಳು. ಎತ್ತರ ಐದಡಿ ಐದಂಗುಲ, ತೂಕ 112 ಪೌಂಡು, ನಮ್ಮ ಲೆಕ್ಕದಲ್ಲಿ ಐವತ್ತೊಂದು ಕಿಲೋ ಇಟ್ಟುಕೊಳ್ಳಿ. ಮೆರೀನ್ ದಳದವರು ಬೇಡ ಅಂದರು, ಪ್ಯಾರಾಚೂಟ್ ದಳದವರೂ ಬೇಡ ಅಂದರು. ಕೊನೆಗೆ 1942ರಲ್ಲಿ ಕಾಲಾಳು ಪಡೆಯವರು ಸೇರಿಸಿಕೊಂಡರು. ಟ್ರೇನಿಂಗಿನಲ್ಲಿ ಬಿಸಿಲಿಗೆ ತಲೆ ತಿರುಗಿ ಬಿದ್ದ. ಜೊತೆಯವರು 'ಬೇಬಿ' ಅಂತ ಹೆಸರಿಟ್ಟರು. ಮೇಲಧಿಕಾರಿ ಇವನನ್ನು ಅಡುಗೆ ಕೆಲಸ ಕಲಿಯೋಕೆ ಕಳಿಸಲು ನೋಡಿದ. ಹುಡುಗ ಹಟ ಹಿಡಿದು ಬಂದೂಕನ್ನೇ ಉಳಿಸಿಕೊಂಡ.

ಸಿಸಿಲಿ, ಇಟಲಿ, ಆಮೇಲೆ ಫ್ರಾನ್ಸ್. ಮಲೇರಿಯಾ ಮತ್ತೆ ಮತ್ತೆ ಬಂತು. 1944ರ ಆಗಸ್ಟ್ 15ರಂದು ದಕ್ಷಿಣ ಫ್ರಾನ್ಸಿನ ಕರಾವಳಿಯಲ್ಲಿ ಇಳಿದ ದಿನವೇ ಇವನ ಜೀವದ ಗೆಳೆಯ ಲ್ಯಾಟಿ ಟಿಪ್ಟನ್ ಹೋದ. ಶರಣಾಗುತ್ತೇವೆ ಅಂತ ಆ ಕಡೆಯಿಂದ ಬಿಳಿ ಬಟ್ಟೆ ಆಡಿಸಿದ್ದನ್ನು ನಂಬಿ ಟಿಪ್ಟನ್ ಎದ್ದು ನಿಂತ. ಗುಂಡು ಹೊಡೆದರು. ಮರ್ಫಿ ಆ ಮೇಲೆ ಒಬ್ಬನೇ ನುಗ್ಗಿ ಆ ಠಾಣೆಯನ್ನು ಹೇಗೆ ಒರೆಸಿಹಾಕಿದ ಅನ್ನುವುದಕ್ಕೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಅನ್ನುವ ಪದಕ ಕೊಟ್ಟರು. ಅವರ ಸೈನ್ಯದಲ್ಲಿ ಅದು ಎರಡನೇ ದೊಡ್ಡ ಪದಕ. ಅದನ್ನು ಗೆದ್ದ ದಿನವೇ ಗೆಳೆಯ ಸತ್ತ ದಿನ.

ಇನ್ನು ನಾವು ಸಿಳ್ಳೆ ಹೊಡೆದ ಆ ಸೀನು. ನಿಜವಾಗಿ ನಡೆದದ್ದು 1945ರ ಜನವರಿ 26ರಂದು, ಫ್ರಾನ್ಸಿನ ಆಲ್ಸೇಸ್ ಸೀಮೆಯ ಹೋಲ್ಟ್ಸ್‌ವೀರ್ ಅನ್ನುವ ಹಳ್ಳಿಯ ಹತ್ತಿರ. ನೆಲದ ಮೇಲೆಲ್ಲ ಹಿಮ. ಇವನ ಕಂಪನಿಯಲ್ಲಿ ಅಧಿಕಾರಿ ಅಂತ ಉಳಿದವನು ಇವನೊಬ್ಬನೇ, ವಯಸ್ಸು ಹತ್ತೊಂಬತ್ತು. ಎದುರಿಗೆ ಆರು ಜರ್ಮನ್ ಟ್ಯಾಂಕು, ಅವುಗಳ ಹಿಂದೆ ಅಲೆ ಅಲೆಯಾಗಿ ಸಿಪಾಯಿಗಳು. ತನ್ನವರನ್ನೆಲ್ಲ ಹಿಂದಿನ ಕಾಡಿಗೆ ಸರಿಯಲು ಹೇಳಿ, ತಾನೊಬ್ಬ ಮುಂದೆ ಉಳಿದು ಫೋನಿನಲ್ಲಿ ಫಿರಂಗಿಯವರಿಗೆ ಗುರಿ ಹೇಳುತ್ತಿದ್ದ. ಶತ್ರು ಎಷ್ಟು ಹತ್ತಿರ ಅಂತ ಆ ಕಡೆಯವರು ಕೇಳಿದರೆ, ಸ್ವಲ್ಪ ಲೈನಿನಲ್ಲಿರಿ, ಅವರಲ್ಲೇ ಒಬ್ಬನ ಕೈಗೆ ಫೋನು ಕೊಡ್ತೀನಿ ಅಂದನಂತೆ! ಪಕ್ಕದಲ್ಲಿ ನಮ್ಮ ಕಡೆಯದೇ, ಅಂದರೆ ಅಮೆರಿಕದ್ದೇ, ಟ್ಯಾಂಕು ಹೊಡೆಯುವ ತೋಪುಗಾಡಿಯೊಂದು ಏಟು ತಿಂದು ಉರಿಯುತ್ತಿತ್ತು. ಒಳಗೆ ಇಂಧನ, ಮದ್ದುಗುಂಡು. ಯಾವ ಗಳಿಗೆಯಲ್ಲಿ ಸಿಡಿಯುತ್ತೋ ಗೊತ್ತಿಲ್ಲ. ಅದರ ಮೇಲೆ ಹತ್ತಿ, ಅಲ್ಲಿದ್ದ ಮೆಷಿನ್‌ಗನ್ ಹಿಡಿದ. ಮೂರು ಕಡೆಯಿಂದ ಗುಂಡು ಬರುತ್ತಿದ್ದರೂ ಒಂದು ಗಂಟೆ ಇಳಿಯಲಿಲ್ಲ. ಜರ್ಮನರು ಹತ್ತು ಗಜದವರೆಗೆ ಬಂದು ಬಿದ್ದರು. ಸತ್ತವರು, ಗಾಯಗೊಂಡವರು ಸೇರಿ ಐವತ್ತು ಅಂತ ಲೆಕ್ಕ. ಕಾಲಿಗೆ ಗಾಯವಾದರೂ ಇಳಿದು ಬಂದು ತನ್ನವರನ್ನು ಕೂಡಿಸಿ ಎದುರು ದಾಳಿ ಮಾಡಿಸಿದ. ಜರ್ಮನರು ಹಿಂದೆ ಸರಿದರು.

ಯಾಕೆ ಹಾಗೆ ಮಾಡಿದೆ ಅಂತ ಆಮೇಲೆ ಕೇಳಿದವರಿಗೆ ದೇಶ, ಕೀರ್ತಿ ಅಂತೆಲ್ಲ ಹೇಳಲಿಲ್ಲ. ಅವರು ನನ್ನ ಗೆಳೆಯರನ್ನು ಕೊಲ್ತಿದ್ರು ಅಂದ. ಅಷ್ಟೇ.

1945ರ ಜೂನ್ 2ರಂದು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರ ಅಮೆರಿಕದ ಅತ್ಯುನ್ನತ ಪದಕ ಮೆಡಲ್ ಆಫ್ ಆನರ್ ಅನ್ನು ಇವನ ಕೊರಳಿಗೆ ಹಾಕಿದರು. ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ. ನಮ್ಮ ಹುಡುಗರು ಡಿಗ್ರಿ ಪರೀಕ್ಷೆಗೆ ಫೀಸು ಕಟ್ಟುವ ವಯಸ್ಸು.

ಮುಂದಿನದು ಸಿನಿಮಾ ಅಭಿಮಾನಿಗಳಿಗೆ ರುಚಿಸುವ ಭಾಗ. ಜುಲೈನಲ್ಲಿ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಇವನ ಫೋಟೋ ಬಂತು. ಹಾಲಿವುಡ್ಡಿನ ದೊಡ್ಡ ನಟ ಜೇಮ್ಸ್ ಕ್ಯಾಗ್ನಿ ಅದನ್ನು ನೋಡಿ ಕರೆಸಿಕೊಂಡ. ಕರೆಸಿಕೊಂಡ ಮಾತ್ರಕ್ಕೆ ಪಾತ್ರ ಸಿಗುತ್ತದೆಯೇ? ದೇಶಕ್ಕೆ ದೇಶವೇ ಹೊಗಳಿದ ಯೋಧ ಚಾನ್ಸಿಗೆ ಅಲೆಯುತ್ತಾ ಒಂದು ಕಸರತ್ತಿನ ಶಾಲೆಯಲ್ಲಿ ಮಲಗಿ ದಿನ ನೂಕಿದ. ಗಾಂಧಿನಗರದಲ್ಲಿ ಚಪ್ಪಲಿ ಸವೆಸಿದವರಿಗೆ ಇದು ಹೊಸದೇನಲ್ಲ ಬಿಡಿ. 1948ರಲ್ಲಿ ಸಣ್ಣ ಪಾತ್ರ, 1949ರಲ್ಲಿ ಮೊದಲ ಮುಖ್ಯ ಪಾತ್ರ, ಆಮೇಲೆ ಯೂನಿವರ್ಸಲ್ ಕಂಪನಿಯ ಕೌಬಾಯ್ ಚಿತ್ರಗಳು. ಒಟ್ಟು ನಲವತ್ತಕ್ಕೂ ಮೇಲೆ.

ಅವುಗಳಲ್ಲಿ ಒಂದನ್ನು ಮಾತ್ರ ಎತ್ತಿ ಹೇಳಬೇಕು. 1951ರ 'ದಿ ರೆಡ್ ಬ್ಯಾಡ್ಜ್ ಆಫ್ ಕರೇಜ್', ನಿರ್ದೇಶಕ ಜಾನ್ ಹ್ಯೂಸ್ಟನ್. ಅದರಲ್ಲಿ ಮರ್ಫಿಯ ಪಾತ್ರ ಏನು ಗೊತ್ತೇ? ಮೊದಲ ಕಾಳಗದಲ್ಲೇ ಹೆದರಿ ಓಡಿಹೋಗುವ ಸಿಪಾಯಿ! ಎದೆ ತುಂಬ ಪದಕ ಇದ್ದವನು ಪುಕ್ಕಲನಾಗಿ ನಟಿಸಿದ. ಕಂಪನಿಯವರು ಆ ಚಿತ್ರವನ್ನು ಕತ್ತರಿಸಿ ಕತ್ತರಿಸಿ ಎಪ್ಪತ್ತು ನಿಮಿಷಕ್ಕೂ ಕಡಿಮೆ ಮಾಡಿಬಿಟ್ಟರು. ಆದರೂ ನನ್ನ ಮಟ್ಟಿಗೆ ಅವನ ಅತ್ಯುತ್ತಮ ನಟನೆ ಅದೇ. ಓಡುವವನ ಮುಖ ಹೇಗಿರುತ್ತೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂರಾರು ನೋಡಿದ್ದ.

1949ರಲ್ಲಿ ಗೆಳೆಯನೊಬ್ಬನ ಸಹಾಯದಿಂದ ತನ್ನ ಯುದ್ಧದ ಅನುಭವಗಳನ್ನು ಪುಸ್ತಕ ಮಾಡಿದ್ದ. ಅದರಲ್ಲಿ ತನಗೆ ಬಂದ ಪದಕಗಳ ಪ್ರಸ್ತಾಪವೇ ಇಲ್ಲ. ಅದನ್ನೇ ಯೂನಿವರ್ಸಲ್‌ನವರು 1955ರಲ್ಲಿ ಚಿತ್ರ ಮಾಡಿದರು, ಜೆಸ್ಸಿ ಹಿಬ್ಸ್ ನಿರ್ದೇಶನ. ಪಾತ್ರ ನೀನೇ ಮಾಡು ಅಂದಾಗ ಮರ್ಫಿ ಹಿಂಜರಿದ. ಟೋನಿ ಕರ್ಟಿಸ್ ಮಾಡಲಿ ಅಂತ ಸೂಚಿಸಿದ. ಕಂಪನಿಯವರಿಗೆ ಗೊತ್ತಿಲ್ಲವೇ ಯಾವುದಕ್ಕೆ ಟಿಕೆಟ್ ಹರಿಯುತ್ತೆ ಅಂತ? ಕೊನೆಗೆ ಇವನೇ ಒಪ್ಪಬೇಕಾಯಿತು. ಮೂವತ್ತರ ವಯಸ್ಸಿನಲ್ಲಿ ಹದಿನೇಳರ ಹುಡುಗನಾದ. ಗೆಳೆಯ ಟಿಪ್ಟನ್‌ಗೆ ಪುಸ್ತಕದಲ್ಲಿಟ್ಟಂತೆ ಚಿತ್ರದಲ್ಲೂ ಬ್ರ್ಯಾಂಡನ್ ಅಂತ ಬೇರೆ ಹೆಸರು. ಚಾರ್ಲ್ಸ್ ಡ್ರೇಕ್ ಅನ್ನುವ ನಟ ಆ ಪಾತ್ರಕ್ಕೆ. ಅಂದರೆ ಗೆಳೆಯ ಸಾಯುವುದನ್ನು ಇವನು ಲೈಟು, ಕ್ಯಾಮೆರಾ ಮುಂದೆ ಇನ್ನೊಂದು ಸಲ ನೋಡಬೇಕು. ಸರಿ ಬರದಿದ್ದರೆ ಮತ್ತೊಂದು ಟೇಕು! ಶೂಟಿಂಗ್ ನಡೆದದ್ದು ವಾಷಿಂಗ್ಟನ್ ರಾಜ್ಯದ ಸೈನಿಕ ನೆಲೆಯಲ್ಲಿ. ಹಿಮ ಇಲ್ಲ. ತೋಪುಗಾಡಿಯ ಬದಲು ಷೆರ್ಮನ್ ಟ್ಯಾಂಕು. ನಿಜವಾದದ್ದು ಅಂತ ಉಳಿದದ್ದು ಮೇಲೆ ನಿಂತ ಮನುಷ್ಯ ಒಬ್ಬನೇ.

ಚಿತ್ರ ಭರ್ಜರಿ ಓಡಿತು. ಯೂನಿವರ್ಸಲ್ ಕಂಪನಿಗೆ ಒಳ್ಳೇ ಹಣ ತಂದಿತು.

ಅವತ್ತು ಟಾಕೀಸಿನಿಂದ ಹೊರಬಂದು ಬಸ್ಸಿಗೆ ಕಾಯುವಾಗ ನಾನು ಸುಮ್ಮನಿರದೆ ಕೇಳಿದೆ, "ನಿಮಗೂ ಪದಕ ಇದೆಯಲ್ಲ ಮಾವ?" ಮಾವ ನಕ್ಕರು. "ನಂದು ಪಶ್ಚಿಮೀ ಸ್ಟಾರ್. ಆ ಕಡೆ ಡ್ಯೂಟಿ ಮಾಡಿದೋರಿಗೆಲ್ಲ ಕೊಟ್ಟಿದ್ದು ಕಣೋ. ಶೌರ್ಯದ್ದು ಬೇರೆ." ಆಮೇಲೆ ಅವರಾಗೇ ಒಂದು ಕತೆ ಹೇಳಿದರು. ಅಷ್ಟು ಉದ್ದ ಅವರು ಮಾತಾಡಿದ್ದು ಅದೇ ಮೊದಲು.

ಕಾರವಾರದ ಹತ್ತಿರದ ಚೆಂಡಿಯಾದ ರಾಮ ರಾಘೋಬ ರಾಣೆ ಅವರ ಕತೆ. ಅವರೂ ಸ್ಯಾಪರ್, ಬಾಂಬೆ ಸ್ಯಾಪರ್ಸ್. 1948ರ ಏಪ್ರಿಲ್‌ನಲ್ಲಿ ಕಾಶ್ಮೀರದ ನೌಶೇರಾದಿಂದ ರಜೌರಿಗೆ ನಮ್ಮ ಟ್ಯಾಂಕುಗಳು ಹೋಗಬೇಕು. ದಾರಿಯುದ್ದಕ್ಕೂ ಮೈನು, ಉರುಳಿಸಿದ ಮರ, ಮೇಲಿನಿಂದ ಗುಂಡು. ರಾಣೆ ಅವರಿಗೆ ಮೊದಲೇ ಗಾಯವಾಗಿತ್ತು. ಆದರೂ ಟ್ಯಾಂಕಿನ ಅಡಿಗೇ ತೂರಿ, ಅದು ಮುಂದೆ ಹೋದಂತೆ ತಾವೂ ಅದರ ಅಡಿಯಲ್ಲೇ ತೆವಳಿಕೊಂಡು, ಕೈಯಲ್ಲಿ ಎರಡು ಹಗ್ಗ ಹಿಡಿದಿದ್ದರು. ಒಂದು ಎಳೆದರೆ ಡ್ರೈವರು ನಿಲ್ಲಿಸಬೇಕು, ಇನ್ನೊಂದು ಎಳೆದರೆ ಮುಂದೆ ಬಿಡಬೇಕು. ಹಾಗೆ ದಾರಿ ಮಾಡಿ ಕೊಟ್ಟದ್ದಕ್ಕೆ ಪರಮವೀರ ಚಕ್ರ. ಬದುಕಿ ಉಳಿದು ಅದನ್ನು ಪಡೆದರು.

"ಇದನ್ನ ಪಿಕ್ಚರ್ ತೆಗೆದ್ರೆ ಸೂಪರ್ ಹಿಟ್ ಮಾವ!" ಅಂದೆ. ಮಾವ, "ಟ್ಯಾಂಕಿನ ಅಡಿ ಕತ್ತಲು ಕಣೋ. ಏನು ಕಾಣುತ್ತೆ ನಿನ್ನ ಕ್ಯಾಮೆರಾಗೆ?" ಅಂದರು. ಅಷ್ಟರಲ್ಲಿ ಬಸ್ಸು ಬಂತು.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದೇನೆಂದರೆ, ನಾವು ಅವತ್ತು ಸಿಳ್ಳೆ ಹೊಡೆದ ಮನುಷ್ಯ ಸತ್ತು ಆಗಲೇ ಎರಡು ವರ್ಷವಾಗಿತ್ತು. 1971ರ ಮೇ 28ರಂದು ವರ್ಜೀನಿಯಾದ ಬೆಟ್ಟಗಳಲ್ಲಿ ಮಳೆ ಮಂಜಿನ ನಡುವೆ ಅವನಿದ್ದ ಸಣ್ಣ ವಿಮಾನ ಅಪ್ಪಳಿಸಿತು. ವಯಸ್ಸು ನಲವತ್ತೈದು. ಆ ಹೊತ್ತಿಗೆ ಜೂಜಿನಲ್ಲಿ ಕಳೆದು, ದಿವಾಳಿಯೂ ಆಗಿದ್ದ. ಆದರೆ ಸಿಗರೇಟು, ಮದ್ಯದ ಜಾಹೀರಾತಿಗೆ ಎಷ್ಟು ಕರೆದರೂ ಹೋಗಿರಲಿಲ್ಲ, ಹುಡುಗರು ನನ್ನನ್ನು ನೋಡಿ ಕಲೀತಾರೆ ಅಂತ. ಈ ಮಾತು ಓದಿದಾಗ ಸಿಳ್ಳೆ ಹೊಡೆಯಬೇಕು ಅನ್ನಿಸಿತು ನೋಡಿ.

ಅವನ ರಾತ್ರಿಗಳು ಹೇಗಿದ್ದವು ಅಂತಲೂ ಓದಿದೆ. ಯುದ್ಧ ಮುಗಿದು ಇಪ್ಪತ್ತು ವರ್ಷವಾದರೂ ಕೆಟ್ಟ ಕನಸು ಬಿಡಲಿಲ್ಲ. ದಿಂಬಿನ ಕೆಳಗೆ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು ಮಲಗುತ್ತಿದ್ದ. ನಿದ್ದೆ ಮಾತ್ರೆಗೆ ದಾಸನಾದ. ಅದು ಚಟವಾಗಿದೆ ಅಂತ ಗೊತ್ತಾದಾಗ ಒಂದು ಹೋಟೆಲು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ವಾರ ಒದ್ದಾಡಿ ಬಿಟ್ಟುಬಿಟ್ಟ. ಈಗ ವೈದ್ಯರು ಇದಕ್ಕೆ ಕಾಯಿಲೆ ಅಂತಲೇ ಹೆಸರು ಇಟ್ಟಿದ್ದಾರೆ. ಆಗ ಹೀಗೆಲ್ಲ ಹೇಳಿಕೊಂಡರೆ ಹೇಡಿ ಅನ್ನುತ್ತಿದ್ದರು. ಆದರೆ ಇವನನ್ನು ಹೇಡಿ ಅನ್ನಲು ಯಾರಿಗೆ ಬಾಯಿ ಬರುತ್ತೆ? ಕೊರಿಯಾ, ವಿಯಟ್ನಾಂ ಯುದ್ಧದಿಂದ ಬಂದ ಹುಡುಗರಿಗೂ ಹೀಗೇ ಆಗುತ್ತಿದೆ, ಸರ್ಕಾರ ನೋಡಿಕೊಳ್ಳಬೇಕು ಅಂತ ಬಹಿರಂಗವಾಗಿ ಹೇಳಿದ. ಆ ಪದಕ ಅವನ ಉಪಯೋಗಕ್ಕೆ ಬಂದದ್ದು ಅಲ್ಲಿ ಅಂತ ನನ್ನ ಅನಿಸಿಕೆ. ಪದಕಗಳಲ್ಲಿ ಎಷ್ಟನ್ನೋ ಅವನು ಮಕ್ಕಳಿಗೆ ಹಂಚಿಬಿಟ್ಟಿದ್ದ. ಆರ್ಲಿಂಗ್ಟನ್ ಸ್ಮಶಾನದಲ್ಲಿ ಮೆಡಲ್ ಆಫ್ ಆನರ್ ಪಡೆದವರ ಕಲ್ಲಿಗೆ ಚಿನ್ನದ ಬಣ್ಣದ ಅಕ್ಷರ ಇರುತ್ತೆ. ಇವನದು ಅವನ ಇಚ್ಛೆಯಂತೆ ಎಲ್ಲರಂಥ ಸಾದಾ ಕಲ್ಲು.

ಮಾವ ರಿಟೈರಾಗಿ ಊರಲ್ಲಿ ತೋಟ ಮಾಡಿಕೊಂಡಿದ್ದಾಗ ಒಂದು ಸಂಜೆ ಇದನ್ನೆಲ್ಲ ಅವರಿಗೆ ಹೇಳಿದೆ. "ಮಾವ, ಅವತ್ತು ಕೇಳಿದ್ರಲ್ಲ, ಅವನ ಕೈಯಲ್ಲೇ ಮಾಡಿಸಿದ್ರು. ಅವನಿಗೆ ಇಷ್ಟ ಇರಲಿಲ್ಲ." ಮಾವನಿಗೆ ಆ ಪಿಕ್ಚರ್ ನೆನಪಿತ್ತು. ಅಡಿಕೆ ಕತ್ತರಿಸುತ್ತಾ ಎಲ್ಲ ಕೇಳಿಸಿಕೊಂಡರು. ಮೆಡಲ್ ಆಫ್ ಆನರ್ ಬಗ್ಗೆ ಏನೂ ಕೇಳಲಿಲ್ಲ, ಹಾಲಿವುಡ್ ಬಗ್ಗೆ ಕೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದೇ ಮಾತು ಕೇಳಿದರು.

"ಪಿಸ್ತೂಲು ಇಟ್ಕೊಂಡ್ರೆ ನಿದ್ದೆ ಬರ್ತಿತ್ತಂತಾ ಅವನಿಗೆ?"

"ಬರ್ತಿರಲಿಲ್ಲ ಅಂತ ಕಾಣುತ್ತೆ ಮಾವ."

"ಹ್ಞೂಂ. ಲೈಟು ಹಾಕ್ಕೊಂಡ್ರೆ ಒಂದೆರಡು ಗಂಟೆ ಬರುತ್ತೆ" ಅಂದರು.

ನಮ್ಮ ನಡುಮನೆಯ ನಲವತ್ತು ಕ್ಯಾಂಡಲ್ ಬಲ್ಬು, ಅಪ್ಪನ ಗೊಣಗಾಟ, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ಏನೂ ಹೇಳಲಿಲ್ಲ. ಅವತ್ತು ಊರಿನ ಟೆಂಟಿನಲ್ಲಿ ಯಾವುದೋ ಹಳೇ ಮಿಲಿಟರಿ ಪಿಕ್ಚರ್ ಹಾಕಿದ್ದರು. ಹೋಗೋಣವಾ ಅಂದೆ, ಸುಮ್ಮನೆ ಮಾತು ಬದಲಿಸಲು.

"ಬೇಡ ಕಣೋ" ಅಂದರು ಮಾವ, "ರಾಜ್‌ಕುಮಾರ್‌ದು ಬಂದ್ರೆ ಹೇಳು. ಹಾಡು ಇರುತ್ತೆ."